ಅರ್ಜಿಯ ಕೊನೆಯ ಸಾಲು

“ಇನ್ನಷ್ಟ ಬಿಗಿಯೋ, ಮತ್ತ ಎಡಕ್ಕ ವಾಲಾಕತ್ತಾರ,” ಎಂದ ಬಸಗೊಂಡ.

ಪರಪ್ಪ ಗೋಡೆಯ ಗೂಟಕ್ಕೆ ಸುತ್ತಿದ್ದ ಧೋತರವನ್ನು ಎಳೆದು ಇನ್ನೊಂದು ಗಂಟು ಹಾಕಿದ. ಅಲ್ಲಪ್ಪನ ಬೆನ್ನು ನೆಟ್ಟಗಾಯಿತು. ಮೈತೊಳೆಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಕಾಲು ಮಡಚಿ ಕೂಡಿಸಿದ್ದರು. ಎಲ್ಲ ಸರಿಯಾಗಿತ್ತು. ತಲೆಯೊಂದು ಮಾತ್ರ ನಿಲ್ಲುತ್ತಿರಲಿಲ್ಲ.

“ಬಿಡ್ರೆಪಾ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಹಾಲವ್ವ. “ಮೂವತ್ತ ವರ್ಷ ನೋಡೇನಿ. ಕೈಯಾಗ ಕಾಗದ ಇಲ್ಲದಿದ್ರ ಅವ್ರ ತಲಿ ನೆಟ್ಟಗ ನಿಲ್ಲೂದಿಲ್ಲ.”

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ನಕ್ಕುಬಿಟ್ಟರು. ನಕ್ಕಿದ್ದಕ್ಕೆ ನಾಚಿ ಸೆರಗನ್ನು ಬಾಯಿಗೆ ಹಚ್ಚಿಕೊಂಡರು. ಮುನಸಿಪಾಲ್ಟಿ ಶಾಲೆಯ ಜವಾನಳಾದ ಬೀರವ್ವ ಮೂರು ಓಣಿಗೆ ಕೇಳುವಂತೆ ಅಳುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿ, ಮೂಗು ಒರೆಸಿಕೊಂಡು, ನಿಲ್ಲಿಸಿದ ಕಡೆಯಿಂದಲೇ ಮತ್ತೆ ಆರಂಭಿಸಿದಳು.

ಅಲ್ಲಪ್ಪನಿಗೆ ಐವತ್ತಾರು ವರ್ಷ. ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಬಟ್ಟೆ ಅಳೆದು, ಮಡಿಸಿ, ಚೀಟಿ ಹಚ್ಚುವ ಕೆಲಸ ಮಾಡುತ್ತಿದ್ದ. ಅದು ಹಗಲಿನ ಕೆಲಸ. ಸಂಜೆ ಮನೆಯ ಮುಂದಿನ ಪಡಸಾಲೆಯಲ್ಲಿ ಕುಳಿತು ಕೇಳಿದವರಿಗೆಲ್ಲ ನೌಕರಿಯ ಅರ್ಜಿ ಬರೆದುಕೊಡುತ್ತಿದ್ದ. ಈ ದಿನ ಬೆಳಿಗ್ಗೆ ಹಲ್ಲು ತಿಕ್ಕುತ್ತ ಹಂಡೆಯ ಬಳಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಗಡಹಿಂಗ್ಲಜದಿಂದ ಅವನ ಅಕ್ಕ ಬಾಳಕ್ಕ ಬರಬೇಕಾಗಿದ್ದರಿಂದ ಮಣ್ಣು ಮಾಡುವುದನ್ನು ಮೂರು ಗಂಟೆಗೆ ಇಟ್ಟಿದ್ದರು.

“ಮಗಾ ಅಂತ ಯಾರ ನಿಲ್ಲಾವ್ರು?” ಎಂದು ಕ್ರಿಯೆ ಮಾಡಿಸಲು ಪರವೂರಿನಿಂದ ಬಂದಿದ್ದ ಅಯ್ಯನವರು ಕೇಳಿದರು. ಅಲ್ಲಪ್ಪನಿಗೆ ಮಕ್ಕಳಿರಲಿಲ್ಲ.

ಪರಪ್ಪ ತಲೆ ಕೆರೆದುಕೊಂಡ. “ಹನ್ನೊಂದ ಮಂದಿ ಅದೀವ್ರಿ,” ಎಂದ. “ಇಬ್ಬರಿಗೆ ಎರಡನೇ ಪಾಳಿ ಐತಿ. ಒಂಬತ್ತ ಮಂದಿ ಬರ್ತೀವಿ.”

ಈ ಸಲ ಅಂಗಳದಲ್ಲಿ ನಿಂತ ಗಂಡಸರೂ ನಕ್ಕರು. ಅಯ್ಯನವರೊಬ್ಬರಿಗೆ ಗೊತ್ತಿರಲಿಲ್ಲ. ಬಸಗೊಂಡ ಅವರನ್ನು ಕಟ್ಟೆಯ ಮೇಲೆ ಕೂಡಿಸಿ ಹೇಳತೊಡಗಿದ.

*

ಅದು ಐವತ್ತೆಂಟನೆಯ ಇಸವಿ. ಊರ ಹೊರಗೆ ಹೊಸ ನೂಲಿನ ಗಿರಣಿಯೊಂದು ಏಳುತ್ತಿತ್ತು. ಓಣಿಯ ಹನ್ನೊಂದು ಹುಡುಗರು ಅರ್ಜಿ ಹಾಕಬೇಕೆಂದರು. ಓಣಿಯಲ್ಲಿ ಕಾಗದ ಬರೆಯಬಲ್ಲವನು ಅಲ್ಲಪ್ಪನೊಬ್ಬನೇ. ಅವನು ನಲವತ್ತೈದು ದಾಟಿದ ಮೇಲೆ, ಕೆಲಸ ಮುಗಿಸಿ, ಸಂಜೆಯ ಶಾಲೆಗೆ ಹೋಗಿ ಮರಾಠಿ ಬರೆಯುವುದನ್ನು ಕಲಿತಿದ್ದ. ಕಲಿತದ್ದು ಸರಿಯಾಗಿದೆಯೋ ಇಲ್ಲವೋ ಎಂಬ ಹೆದರಿಕೆ ಅವನಿಗೆ ಯಾವಾಗಲೂ ಇತ್ತು. ಕಾಗದವನ್ನು ಟಪಾಲು ಡಬ್ಬಿಗೆ ಹಾಕಿ ಬಂದ ಮೇಲೂ, ಕೆಳಗೆ ಸಹಿ ಹಾಕಿಸಿದೆನೋ ಇಲ್ಲವೋ ಎಂದು ಡಬ್ಬಿಯ ಬಾಯಿಯಲ್ಲಿ ಇಣುಕಿ ನೋಡುವವನು.

ಹಾಗಾಗಿ ತನ್ನ ಬುದ್ಧಿಯನ್ನು ನಂಬದೆ, ಪುಣೆಯಲ್ಲಿ ಅಚ್ಚಾದ ಮಾದರಿ ಅರ್ಜಿಗಳ ಪುಸ್ತಕ ತರಿಸಿದ. ಅದರಲ್ಲಿ ನೌಕರಿ ಕೇಳುವ ಅರ್ಜಿಯೊಂದಿತ್ತು. ಅಲ್ಲಪ್ಪ ನಾಲ್ಕು ಸಂಜೆ ಕುಳಿತು ಅದನ್ನು ದುಂಡಗಿನ ಅಕ್ಷರದಲ್ಲಿ ಹನ್ನೊಂದು ಸಲ ನಕಲು ಮಾಡಿದ. ಹೆಸರು, ವಿಳಾಸ, ತಾರೀಖು ಮಾತ್ರ ಬದಲಿಸಿದ. ಉಳಿದದ್ದು ಕೋರ್ಟಿನ ಕಾಗದದ ಹಾಗೆ ಇದ್ದಂತೆಯೇ ಇರಬೇಕೆಂದು ತಿಳಿದಿದ್ದ. ಅಚ್ಚಾದದ್ದನ್ನು ತಿದ್ದಲು ತಾನ್ಯಾರು?

ಗಿರಣಿಯ ಮ್ಯಾನೇಜರು ಹನ್ನೊಂದು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಒಂದೊಂದೇ ಅರ್ಜಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

“ನೀವು ಹನ್ನೊಂದು ಜನರೂ ಸಾತಾರದ ನಿವೃತ್ತ ಹೆಡ್‌ಮಾಸ್ತರರ ಹಿರಿಯ ಮಕ್ಕಳೋ?” ಎಂದು ಮರಾಠಿಯಲ್ಲಿ ಕೇಳಿದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು.

“ಹನ್ನೊಂದೂ ಜನಕ್ಕೆ ಹಾರ್ಮೋನಿಯಂ ಪೇಟಿ ಬಾರಿಸಲು ಬರುತ್ತದೋ?”

ಸಾಲಿನ ಕೊನೆಯಲ್ಲಿದ್ದ ಪರಪ್ಪನಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ನಮ್ಮಪ್ಪ ಕಬ್ಬಿನ ಗಾಣದಾಗ ಎತ್ತ ಹೊಡೀತಾನ್ರಿ. ಆ ಕಾಗದದಾಗ ಇದ್ದದ್ದು ನನಗೇನೂ ಬರೂದಿಲ್ಲ. ಹರದ ನೂಲಿಗೆ ಗಂಟ ಹಾಕಾಕ ಬರತೈತಿ, ಅಷ್ಟ.”

ಮ್ಯಾನೇಜರು ನಕ್ಕು ನಕ್ಕು, ಒಳಗಿನಿಂದ ನೂಲು ತರಿಸಿದರು. ಪರಪ್ಪ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿ ತೋರಿಸಿದ. ಅವನಿಗೆ ಆ ದಿನವೇ ಕೆಲಸವಾಯಿತು. ಉಳಿದವರೂ ತಮಗೆ ಬರುವುದನ್ನು, ಬಾರದ್ದನ್ನು ಬಾಯಲ್ಲಿ ಹೇಳಿ ಅಂದು ಕೆಲವರು, ಆಮೇಲೆ ಕೆಲವರು ಸೇರಿಕೊಂಡರು. ಅಂದಿನಿಂದ ಆ ಹನ್ನೊಂದು ಜನಕ್ಕೆ ಊರಲ್ಲಿ ‘ಮಾಸ್ತರನ ಮಕ್ಕಳು’ ಎಂದೇ ಹೆಸರು.

ಅಲ್ಲಪ್ಪ ಮಾತ್ರ ಎರಡು ದಿನ ಊಟ ಮಾಡಲಿಲ್ಲ. “ಹನ್ನೊಂದ ಮಂದಿಗೆ ಅಪ್ಪನ್ನ ಬದಲ ಮಾಡಿಬಿಟ್ಟೆನಲ್ಲ,” ಎಂದು ಹಾಲವ್ವನ ಮುಂದೆ ಕುಳಿತ.

ಮೂರನೆಯ ದಿನ ಪುಸ್ತಕವನ್ನು ಗೋಡೆಯಲ್ಲಿದ್ದ ಮಾಡಕ್ಕೆ ಎಸೆದು ಹೊಸ ಪದ್ಧತಿ ಶುರು ಮಾಡಿದ. ಅರ್ಜಿ ಬೇಕೆಂದು ಬಂದವರು ಅವನೆದುರು ಕುಳಿತು, ಎದ್ದಾಗಿನಿಂದ ಮಲಗುವವರೆಗೆ ತಮ್ಮ ಒಂದು ದಿನವನ್ನು ಹೇಳಬೇಕು. “ನನಗೇನೂ ಬರೂದಿಲ್ರಿ ಕಾಕಾ” ಎಂದವರಿಂದಲೂ ಅವನು ಹತ್ತು ಕೆಲಸ ಹೊರಗೆ ತೆಗೆಯುತ್ತಿದ್ದ. ಕೊನೆಗೆ ಒಂದು ಪ್ರಶ್ನೆ: “ನಿಮಗ ಏನ್ ಬರೂದಿಲ್ಲ, ಅದನ್ನ ಹೇಳ್ರಿ.” ಅದು ಅರ್ಜಿಯ ಕೊನೆಯ ಸಾಲು. ಅದಿಲ್ಲದೆ ಕಾಗದ ಕೊಡುತ್ತಿರಲಿಲ್ಲ. ಬರೆದಾದ ಮೇಲೆ ಗಟ್ಟಿಯಾಗಿ ಓದುವನು. ಒಲೆಯ ಮುಂದೆ ಕುಳಿತ ಹಾಲವ್ವ “ಹೂಂ” ಎಂದರೆ ಮಡಿಸುವನು. ಅವಳು ಸುಮ್ಮನಿದ್ದರೆ ಹರಿದು ಹಾಕಿ ಇನ್ನೊಂದು ಬರೆಯುವನು.

*

“ನಂದ್ರಾಗ ಬರದಿದ್ರು, ‘ಈತನಿಗೆ ಲಗುಬಗೆಯಿಂದ ನಡೆಯಲು ಬರುವುದಿಲ್ಲ’ ಅಂತ,” ಎಂದ ಬಸಗೊಂಡ. ಚಿಕ್ಕಂದಿನಲ್ಲಿ ಗಾಡಿಯ ಗಾಲಿ ಹಾದು ಅವನ ಕಾಲು ಸೊಟ್ಟಗಾಗಿತ್ತು. “‘ಆದುದರಿಂದ ಎಲ್ಲರಿಗಿಂತ ಮೊದಲು ಮನೆ ಬಿಡುತ್ತಾನೆ.’ ಗಿರಣಿ ಗೇಟಿನ ಕೀಲಿಕೈ ನನ್ನ ಕೈಯಾಗ ಕೊಟ್ರು. ಇವತ್ತಿಗೂ ಐತಿ.”

“ನಂದ್ರಾಗ ‘ಮೆತ್ತಗೆ ಮಾತನಾಡಲು ಬರುವುದಿಲ್ಲ’ ಅಂತ ಬರದ್ರು,” ಎಂದಳು ಬೀರವ್ವ ಒಳಗಿನಿಂದ, ಕಟ್ಟೆಯ ಮೇಲಿದ್ದವರಿಗೂ ಕೇಳುವ ಹಾಗೆ. “ನಾ ಜಗಳಾ ತಗದಿದ್ದೆ. ಹೆಡ್‌ಮಾಸ್ತರ ಅದನ್ನ ಓದಿ, ಶಾಲಿ ಗಂಟಿ ಒಡದೈತಿ, ಇಕಿನ್ನ ಇಟ್ಕೊಳ್ರಿ ಅಂದ್ರಂತ.”

ನಗು ಇನ್ನೊಂದು ಸಲ ಎದ್ದು ಅಡಗಿತು.

ಈ ನಗುವಿನಲ್ಲಿ ಸೇರದವಳು ಶಾಲನ ಎಂಬವಳೊಬ್ಬಳೇ. ಪಕ್ಕದ ಮನೆಯವಳು, ಜೈನರ ಹೆಣ್ಣುಮಗಳು, ಗಂಡ ತೀರಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಹಾಲವ್ವ ಕೂಗಿದಾಗ ಮೊದಲು ಓಡಿ ಬಂದವಳು, ಅಲ್ಲಪ್ಪನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ನೀರು ಬಿಟ್ಟವಳು ಅವಳೇ. ಆಗಿನಿಂದ ನೀರು ತಂದು, ಅಂಗಳ ಗುಡಿಸಿ, ಬಂದವರಿಗೆ ಚಾಪೆ ಹಾಸುತ್ತಿದ್ದಳು. ನಡುವೆ ಎರಡು ಸಲ ಗೋಡೆಯ ಗಡಿಯಾರ ನೋಡಿದ್ದಳು. ಹಾಗೆ ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗಿದ್ದಳು.

*

ಶಾಲನ ತನ್ನ ಭಾವನ ಖಾನಾವಳಿಯಲ್ಲಿ ದಿನವೂ ಮೂವತ್ತೆರಡು ಜನ ಮಗ್ಗದವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದಳು. ಈಗ ಭಾವ ಖಾನಾವಳಿ ಮುಚ್ಚಿ ಆ ಜಾಗದಲ್ಲಿ ನಾಲ್ಕು ಮಗ್ಗ ಕೂಡಿಸುವವನಿದ್ದ. ಉದಗಾಂವದ ಅಣ್ಣ ಬರುವ ಸೋಮವಾರ ಗಾಡಿ ತಂದು ಅವಳನ್ನೂ ಮಗಳನ್ನೂ ಕರೆದೊಯ್ಯುವುದಾಗಿ ಹೇಳಿಕಳಿಸಿದ್ದ. ಅಣ್ಣನ ಮನೆಯಲ್ಲಿ ಕೆಲಸಕ್ಕೆ ಕಡಿಮೆ ಇರಲಿಲ್ಲ. ಆದರೆ ಮಗಳ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಅಲ್ಲಪ್ಪ ವರ್ತಮಾನಪತ್ರಿಕೆಯ ಒಂದು ತುಂಡು ತಂದು ಓದಿ ಹೇಳಿ, ಅವಳ ಕೈಗೂ ಕೊಟ್ಟ. ಕೊಲ್ಹಾಪುರದ ಹುಡುಗಿಯರ ವಸತಿಗೃಹವೊಂದಕ್ಕೆ ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಬೇಕು. ಇರಲು ಖೋಲಿ ಕೊಡುತ್ತಾರೆ. ಮಕ್ಕಳಿದ್ದರೆ ಜೊತೆಗಿರಬಹುದು. ಓದುಬರಹ ಬಲ್ಲವರಿಗೆ ಆದ್ಯತೆ. ಅರ್ಜಿ ಹತ್ತನೆಯ ತಾರೀಖಿನ ಸಂಜೆ ಐದರೊಳಗೆ ಮುಟ್ಟಬೇಕು.

ಮೂರು ಸಂಜೆ ಅವಳು ಅವನೆದುರು ಕುಳಿತು ತನ್ನ ದಿನವನ್ನು ಹೇಳಿದ್ದಳು. ಯಾರಿಗೆ ಹಿಟ್ಟು ಎಷ್ಟು, ಯಾವ ಪಾಳಿಯವರಿಗೆ ರೊಟ್ಟಿ ಯಾವಾಗ, ಜ್ವರ ಬಂದವರಿಗೆ ಏನು. ಅಲ್ಲಪ್ಪ ಸೀಸಕಡ್ಡಿಯಲ್ಲಿ ಗುರುತು ಹಾಕಿಕೊಳ್ಳುತ್ತ, “ಮತ್ತ?” ಎನ್ನುತ್ತಿದ್ದ. ನಿನ್ನೆ ಸಂಜೆ ಕೊನೆಯ ಪ್ರಶ್ನೆ ಕೇಳಿದ್ದ.

“ಈಗ ನಿನಗ ಬಾರದ್ದು ಹೇಳವಾ.”

ಶಾಲನ ಸೆರಗಿನ ತುದಿ ಸುತ್ತುತ್ತ ಕುಳಿತಳು.

“ಎಲ್ಲಾ ಬರತೈತಿ ಅಂದ್ರ ಯಾರೂ ನಂಬೂದಿಲ್ಲ,” ಎಂದ ಅಲ್ಲಪ್ಪ ಮೆಲ್ಲಗೆ. “ಒಂದು ಬರೂದಿಲ್ಲ ಅಂತ ಹೇಳಿದ್ರ, ಉಳಿದ ಒಂಬತ್ತನ್ನ ನಂಬ್ತಾರ.”

“ನಾಳೆ ಹೇಳ್ತೇನ್ರಿ ಕಾಕಾ.”

“ನಾಳೆ ಹತ್ತನೇ ತಾರೀಖ. ಮುಂಜಾನೆ ಲಗೂ ಬಾ, ನಾನೂ ಲಗೂ ಏಳ್ತೇನಿ.”

*

ಹನ್ನೆರಡೂವರೆಗೆ ಬಾಳಕ್ಕ ಬಂದಳು. ಬಾಗಿಲಲ್ಲೇ ಕುಸಿದು ಅತ್ತಳು, ತಮ್ಮನ ಗಲ್ಲ ಸವರಿದಳು, “ಗಡಹಿಂಗ್ಲಜಕ್ಕ ಬರ್ತೇನಿ ಬರ್ತೇನಿ ಅಂತ ಕಾಗದಾ ಬರದ, ನೀ ಬರಲೇ ಇಲ್ಲಲ್ಲೋ” ಎಂದಳು. ನೀರು ಕೊಟ್ಟು ಸಮಾಧಾನ ಮಾಡಿದರು.

ಅವಳ ಅಳು ಇಳಿದಾಗ ಹಾಲವ್ವ ತಲೆಯೆತ್ತಿ ನೋಡಿದಳು. “ಶಾಲನ, ಇವತ್ತ ಎಷ್ಟನೇ ತಾರೀಖ?”

“ಬಿಡ್ರಿ ಕಾಕು. ಇದೇನು ಆ ಮಾತಿನ ಹೊತ್ತಾ?”

“ಎಷ್ಟನೇದು?”

“ಹತ್ತು.”

ಹಾಲವ್ವ ಪರಪ್ಪನಿಗೆ ಮಾಡ ತೋರಿಸಿದಳು. “ಅಲ್ಲಿ ಅವ್ರ ಸೀಸಕಡ್ಡಿ ಗುರುತಿನ ಕಾಗದ ಐತಿ, ತಗೀ. ಮಸಿ ದೌತಿ, ಟಾಕೂ ತಗೋ. ನೀ ಬರಿ.”

“ಈಗ?” ಎಂದ ಪರಪ್ಪ. ನೂಲಿಗೆ ಗಂಟು ಹಾಕುತ್ತಿದ್ದವನು ಆಮೇಲೆ ಮರಾಠಿ ಬರೆಯಲು ಕಲಿತು, ಈಗ ಗಿರಣಿಯ ಕಚೇರಿಯಲ್ಲಿ ಹಾಜರಿ ಬರೆಯುತ್ತಿದ್ದ.

“ಒಂದೂವರಿಗೆ ಕೊಲ್ಹಾಪುರದ ಎಸ್‌ಟಿ ಬಸ್ಸ ಐತಿ. ಅದು ತಪ್ಪಿದ್ರ ಐದರೊಳಗ ಮುಟ್ಟೂದಿಲ್ಲ.”

“ಹೆಣಾ ಮುಂದ ಕೂಡಿಸ್ಕೊಂಡು ಅರ್ಜಿ ಬರಿಯೂದು ಎಲ್ಲೀ ಪದ್ಧತಿ?” ಎಂದರು ಯಾರೋ ಹಿರಿಯರು.

ಎಲ್ಲರೂ ಬಾಳಕ್ಕನ ಕಡೆ ನೋಡಿದರು. ಅವಳು ಮೂಗು ಒರೆಸಿಕೊಂಡಳು. “ನನ್ನ ತಮ್ಮ ಬರಿಯಾಂವ ಇದ್ದ ಅಂದ್ರ ಬರೀರಿ. ಆದ್ರ ಲಗೂ ಮುಗಸ್ರಿ. ತಿದ್ದೂ ಚಟ ಅವಂಗಿತ್ತು, ನಿಮಗಿಲ್ಲ.”

ಪರಪ್ಪ ಅಲ್ಲಪ್ಪನ ಕಾಲ ಬಳಿಯಲ್ಲೇ ಕುಳಿತು ಗುರುತುಗಳನ್ನು ಓದುತ್ತ ಹೋದ. ಹಾಲವ್ವ ಕಣ್ಣು ಮುಚ್ಚಿ ಹೇಳತೊಡಗಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಲೆಯ ಮುಂದೆ ಕುಳಿತು ಏಳು ವರ್ಷ ಕೇಳಿದ್ದಳು. ಮೊದಲು ಕೆಲಸ, ಆಮೇಲೆ ಎಷ್ಟು ವರ್ಷ, ಆಮೇಲೆ ಅದನ್ನು ಕಂಡವರು ಯಾರು. ಪರಪ್ಪ ಅವಳ ಕನ್ನಡವನ್ನು ಮರಾಠಿ ಮಾಡುತ್ತ ಬರೆದ. ನಡುವೆ ಅವನು, “‘ಅತ್ಯಂತ ಕುಶಲಳು’ ಅಂತ ಹಾಕ್ಲೇನ?” ಎಂದು ಕೇಳಿದ.

“ಬ್ಯಾಡ. ‘ಮೂವತ್ತೆರಡು ಮಂದಿ, ನಾಕ ವರ್ಷ, ಒಂದ ದಿನಾನೂ ಒಲಿ ಹೊತ್ತದ ಉಳದಿಲ್ಲ.’ ಇಷ್ಟ ಬರಿ. ಅವ್ರಿಗೆ ಅತ್ಯಂತ ಅನ್ನೂ ಮಾತ ಸೇರ್ತಿದ್ದಿಲ್ಲ.”

ಬಸಗೊಂಡ ಎದ್ದು ಅಲ್ಲಪ್ಪನ ತಲೆಯನ್ನು ಮತ್ತೊಮ್ಮೆ ನೆಟ್ಟಗೆ ಮಾಡಿದ. ಅರ್ಜಿ ಕೊನೆಯ ಸಾಲಿಗೆ ಬಂತು. ಅಲ್ಲಿ ಕಾಗದದಲ್ಲಿ ಗುರುತು ಇರಲಿಲ್ಲ.

“ಬಾರದ್ದು ಏನು?” ಎಂದ ಪರಪ್ಪ.

ಶಾಲನ ನೆಲ ನೋಡಿದಳು.

“ಸುಮ್ಮ ಕುಂದ್ರಾಕ ಬರೂದಿಲ್ಲ ಅಂತ ಬರಿ,” ಎಂದಳು ಬೀರವ್ವ.

“ಅದು ಬಾರದ್ದಲ್ಲ, ಹೊಗಳಿಕಿ,” ಎಂದಳು ಹಾಲವ್ವ. “ಹಂಗ ಹೇಳಿದವ್ರನ್ನ ಅವ್ರು ಎಬ್ಬಿಸಿ ಕಳಸ್ತಿದ್ರು.”

“ಒಬ್ಬರಿಗೂ ಇಲ್ಲ ಅನ್ನಾಕ ಬರೂದಿಲ್ಲ?”

“ಅದೂ ಹೊಗಳಿಕಿನ.”

ಗಡಿಯಾರದಲ್ಲಿ ಒಂದು ಹೊಡೆಯಿತು. ಶಾಲನ ಹಾಲವ್ವನ ಹತ್ತಿರ ಸರಿದು ಕುಳಿತಳು. ಅವಳ ದನಿ ಬಹಳ ಸಣ್ಣದಾಗಿತ್ತು. ಆದರೆ ಮನೆ ಅಷ್ಟು ಸುಮ್ಮನಿದ್ದುದರಿಂದ ಎಲ್ಲರಿಗೂ ಕೇಳಿಸಿತು.

“ನನಗ ಓದಾಕ ಬರೂದಿಲ್ಲ ಕಾಕು. ಮರಾಠಿನೂ ಇಲ್ಲ, ಕನ್ನಡಾನೂ ಇಲ್ಲ. ಸಹಿ ಮಾಡೂದೊಂದ ಕಲ್ತೇನಿ. ಕಾಕಾ ಪೇಪರ್ ತುಂಡ ಕೈಯಾಗ ಕೊಟ್ಟಾಗ ಓದಿದಂಗ ಮಾಡಿದೆ. ಮೂರ ದಿನ ಹಂಗ ಮಾಡಿದೆ.”

ಪರಪ್ಪ ಬರೆಯುತ್ತಿದ್ದ ಟಾಕು ಕೆಳಗಿಟ್ಟ. “ಓದುಬರಹ ಇದ್ದವ್ರಿಗೆ ಮೊದಲ ಅಂತ ಅವ್ರ ಹಾಕ್ಯಾರ. ಇದನ್ನ ಬರದ್ರ ಮುಗೀತು. ಬ್ಯಾರೆ ಏನರ ಬರಿಯೂಣು. ಹಾಡಾಕ ಬರೂದಿಲ್ಲ ಅಂತ ಹಾಕೂಣು.”

ತಾನು ಹೇಳುವುದು ಸರಿಯೋ ತಪ್ಪೋ ಹಾಲವ್ವನಿಗೂ ತಿಳಿದಿರಲಿಲ್ಲ. ತಪ್ಪಾದರೆ ಹೋಗುವುದು ತನ್ನದಲ್ಲ, ಶಾಲನಳ ಮಗಳ ಶಾಲೆ. ಗಂಡನ ಮುಖ ನೋಡಿದಳು. ಅವನಂತೂ ಎಂದೂ ಇಷ್ಟು ನಿಶ್ಚಿಂತೆಯಿಂದ ಕುಳಿತವನಲ್ಲ.

“ನನಗೂ ಓದಾಕ ಬರೂದಿಲ್ಲ ತಂಗಿ,” ಎಂದಳು. “ಅವ್ರು ಓದಿದ್ದನ್ನ ಕೇಳಿ ಸುಳ್ಳ ಯಾವದು, ಖರೆ ಯಾವದು ಅಂತ ಹೇಳ್ತಿದ್ದೆ. ಹಾಡಾಕ ಬರೂದಿಲ್ಲ ಅಂದ್ರ ನಾ ಹೂಂ ಅಂತಿದ್ದಿಲ್ಲ. ಆದ್ರ ಅರ್ಜಿ ನಿಂದು. ನೀ ಹೇಳಿದಂಗ.”

ಶಾಲನ ಪರಪ್ಪನ ಕಡೆ ತಿರುಗಿದಳು.

“ಬರೀರಿ ಅಣ್ಣಾ. ಓದಾಕ ಬರೂದಿಲ್ಲ ಅಂತ ಬರೀರಿ. ಮೂವತ್ತೆರಡು ಮಂದ್ಯಾಗ ಯಾರಿಗೆ ಏನ್ ಬ್ಯಾಡ ಅನ್ನೂದು ನೆನಪ ಇಟ್ಕೋತೇನಿ ಅಂತ ಅದರ ಮಗ್ಗಲಕ್ಕ ಬರೀರಿ.”

ಪರಪ್ಪ ಬರೆದ. ಗಟ್ಟಿಯಾಗಿ ಓದಿದ. ಹಾಲವ್ವ “ಹೂಂ” ಎಂದಳು. ಶಾಲನ ಕೆಳಗೆ ಮೂರಕ್ಷರದ ಸಹಿ ಹಾಕಿದಳು. ಮಸಿ ಒಣಗಲೆಂದು ಬಾಳಕ್ಕ ಕಾಗದವನ್ನು ಸೆರಗಿನಿಂದ ಬೀಸಿದಳು.

“ಮಣ್ಣ ಕೊಡೂದರೊಳಗ ನಾ ಹೆಂಗ ಹೋಗ್ಲಿ?” ಎಂದಳು ಶಾಲನ.

“ಓಡಿ ಹೋಗು,” ಎಂದಳು ಹಾಲವ್ವ.

ಬಸಗೊಂಡ ಅವಳಿಗಿಂತ ಮೊದಲೇ ಎಸ್‌ಟಿ ನಿಲ್ಲುವ ಕಡೆಗೆ ಹೊರಟಿದ್ದ. ಬಸ್ಸನ್ನು ಹಿಡಿದು ನಿಲ್ಲಿಸಬೇಕಲ್ಲ.

*

ಮೂರು ಗಂಟೆಗೆ ಮಾಸ್ತರನ ಮಕ್ಕಳು ಒಂಬತ್ತು ಜನ ಸರದಿಯಿಂದ ಹೆಗಲು ಕೊಟ್ಟರು. ಗಿರಣಿಯ ದಾರಿಯಲ್ಲಿ ಉಳಿದಿಬ್ಬರು ಕೆಲಸ ಬಿಟ್ಟು ಬಂದು ಸೇರಿಕೊಂಡರು. ಹನ್ನೊಂದೂ ಜನ ಮಣ್ಣು ಹಾಕಿದರು.

ಅದೇ ಹೊತ್ತಿಗೆ ಶಾಲನ ಕೊಲ್ಹಾಪುರದ ಬೆಲ್ಲದ ಪೇಟೆಯ ಹಿಂದಿನ ಓಣಿಯಲ್ಲಿ ವಿಳಾಸ ಕೇಳುತ್ತ ನಡೆಯುತ್ತಿದ್ದಳು. ವಸತಿಗೃಹ ಸಿಕ್ಕಾಗ ನಾಲ್ಕೂವರೆ ಆಗಿತ್ತು. ಅದರ ಉಸ್ತುವಾರಿ ನೋಡುವ ರತ್ನಮಾಲಾಬಾಯಿ ಮೇಜಿನ ಹಿಂದೆ ಕುಳಿತಿದ್ದರು. ಮೇಜಿನ ಮೇಲೆ ಅರ್ಜಿಗಳ ಒಂದು ಗಂಟಿತ್ತು. ಅವರು ಕಾಗದ ಬಿಚ್ಚಿ ಓದಿದರು. ಕೊನೆಗೆ ಬಂದಾಗ ಹುಬ್ಬು ಮೇಲೆ ಹೋಯಿತು.

ಮರಾಠಿಯಲ್ಲಿ ಏನೋ ಕೇಳಲು ಬಾಯಿ ತೆರೆದವರು ಅವಳ ಹೆಸರನ್ನೂ ಉಟ್ಟ ರೀತಿಯನ್ನೂ ನೋಡಿ ಕನ್ನಡಕ್ಕೆ ತಿರುಗಿದರು. “ಇದನ್ನ ಬರೀರಿ ಅಂತ ಯಾರ್ ಹೇಳಿದ್ರು?”

“ನಾನ ಹೇಳಿದೇನ್ರಿ.”

“ಇಲ್ಲಿ ಹದಿನೇಳ ಅರ್ಜಿ ಅದಾವ. ಹದಿನೇಳೂ ಮಂದಿಗೆ ಎಲ್ಲಾ ಬರತೈತಿ.” ಅವರು ಆ ಗಂಟನ್ನು ಬದಿಗೆ ಸರಿಸಿದರು. “ಓದೂದು ಬರಿಯೂದು ನಾನ ಮಾಡ್ತೇನಿ. ಎರಡ ದಿನ ಆತು, ನಲವತ್ತ ಹುಡಿಗ್ಯಾರು ಹಸಿಬಿಸಿ ಅನ್ನಾ ತಿನ್ನಾಕತ್ತಾರ. ಒಲಿ ಹಚ್ಯಾರ, ಒಳಗ ನಡೀರಿ. ನಿಮ್ಮ ಕೈ ನೋಡೂಣು.”

ಶಾಲನ ಅವರ ಹಿಂದೆ ಅಡುಗೆಮನೆಯ ಹೊಸ್ತಿಲವರೆಗೆ ನಡೆದಳು. ಅಲ್ಲಿ ನಿಂತುಬಿಟ್ಟಳು. ಒಳಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಬಾಯಾರ, ನಾ ಈಗ ಒಳಗ ಕಾಲ ಇಡಬಾರದು,” ಎಂದಳು. “ನಮ್ಮ ಮಗ್ಗಲ ಮನ್ಯಾಗ ಇವತ್ತ ಸಾವಾಗೈತಿ. ಹೆಣಾ ಮುಟ್ಟಿ ಬಂದೇನಿ. ಜಳಕಾ ಮಾಡಾಕ ಹೊತ್ತ ಸಿಗಲಿಲ್ಲ.”

ರತ್ನಮಾಲಾಬಾಯಿ ಅವಳನ್ನು ನೋಡಿದರು, ಗಡಿಯಾರ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು.

“ಯಾರ ಹೋದ್ರು?”

“ಈ ಅರ್ಜಿ ಬರಿಯಾವ್ರು.”

ಅವರು ಒಳಗೆ ಕೂಗಿ ತಮ್ಮದೊಂದು ಸೀರೆಯನ್ನೂ ಟುವಾಲನ್ನೂ ತರಿಸಿದರು. ಹಿತ್ತಲ ಕಡೆ ಬೆರಳು ತೋರಿಸಿದರು.

ಹಿತ್ತಲಲ್ಲಿ ಕಲ್ಲಿನ ನೀರಿನ ಟಾಕಿ ಇತ್ತು. ಶಾಲನ ಉಟ್ಟ ಸೀರೆಯಲ್ಲೇ ಕಲ್ಲಿನ ಮೇಲೆ ಕುಳಿತು ಚೆಂಬು ಮುಳುಗಿಸಿದಳು. ಮೊದಲ ಚೆಂಬು ನೀರು ತಲೆಯ ಮೇಲೆ ಬಿದ್ದಾಗ ಮೈ ನಡುಗಿತು. ಬೆಳಗಿನಿಂದ ತಡೆದಿದ್ದ ಅಳು ಆ ನೀರಿನಲ್ಲೇ ಇಳಿದುಹೋಯಿತು. ಎರಡನೆಯದು, ಮೂರನೆಯದು. ಅಷ್ಟರಲ್ಲಿ ಶಾಲೆ ಬಿಟ್ಟು ಬಂದ ಹುಡುಗಿಯರು ಒಬ್ಬೊಬ್ಬರಾಗಿ ಹಿಂಬಾಗಿಲ ಮೆಟ್ಟಿಲಿಗೆ ಬಂದು, ಖಾಲಿ ತಾಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಹೊಸ ಹೆಂಗಸು ತಲೆ ಹಿಂಡಿ ತುರುಬು ಕಟ್ಟುವುದನ್ನೇ ನೋಡುತ್ತ ಸಾಲಾಗಿ ಕುಳಿತರು.